ಓಟಿಪಿ ಯಾರ ಫೋನಿಗೆ ಹೋಯಿತು?

ಪಾವಗಡ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಹೊಸ ಆ್ಯಪ್ ಒಂದರಲ್ಲಿ ತಮ್ಮ ಪ್ರೊಫೈಲ್ ತುಂಬಲು ಕೂತರೆ ಮೂರನೆಯದೋ ನಾಲ್ಕನೆಯದೋ ಖಾನೆಯಲ್ಲೇ ಬೆರಳು ತಡೆಯುತ್ತದೆ. ಅಲ್ಲಿ ಕೇಳಿರುವುದು ಜಿಲ್ಲೆ. ಕಂದಾಯ ಇಲಾಖೆಯ ಲೆಕ್ಕದಲ್ಲಿ ಅವರದು ತುಮಕೂರು ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ. ಲೋಕಸಭೆಗೆ ಮತ ಹಾಕುವಾಗ ಚಿತ್ರದುರ್ಗ. ಮೂರೂ ನಿಜ. ಡ್ರಾಪ್‌ಡೌನ್‌ನಲ್ಲಿ ಆರಿಸಬಹುದಾದದ್ದು ಮಾತ್ರ ಒಂದು.

ಕರ್ನಾಟಕದಲ್ಲಿ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಈ ನಾಲ್ಕರ ವ್ಯತ್ಯಾಸದಲ್ಲಿ ಮಧುಗಿರಿಯೂ ಒಂದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಿಗೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರ, ಅಂದರೆ ಡಿಡಿಪಿಐ, ಕಚೇರಿ ಇರುವುದು ಮಧುಗಿರಿಯಲ್ಲಿ. ತುಮಕೂರು ಜಿಲ್ಲೆಯ ಉಳಿದ ಆರು ತಾಲ್ಲೂಕುಗಳದ್ದು ತುಮಕೂರಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎರಡಕ್ಕೂ ಬೇರೆ ಬೇರೆ ಸ್ಥಾನ. ಇನ್ನು ಶಿರಾ ಮತ್ತು ಪಾವಗಡ ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಮಧುಗಿರಿ ಮತ್ತು ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ. ಸಾಲದ್ದಕ್ಕೆ ಶಿರಾವನ್ನು ಸಿರಾ ಎಂದೂ ಬರೆಯುತ್ತಾರೆ, ಇಂಗ್ಲಿಷಿನಲ್ಲಂತೂ ಎರಡೂ ಕಾಗುಣಿತ ಚಾಲ್ತಿಯಲ್ಲಿವೆ. ಊರಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಶುರುವಾಗುವುದು ಬೆಂಗಳೂರಿನಲ್ಲಿ ಕೂತ ಹುಡುಗನೊಬ್ಬ ಇಂಟರ್‌ನೆಟ್‌ನಿಂದ 31 ಜಿಲ್ಲೆಗಳ ಪಟ್ಟಿ ಇಳಿಸಿಕೊಂಡು ಪ್ರೊಫೈಲ್ ಪುಟಕ್ಕೆ ಅಂಟಿಸಿದಾಗ. ಡಿಡಿಪಿಐ ಕಚೇರಿಯವರು ವರದಿ ತೆಗೆದು ನೋಡಿದರೆ ಮಧುಗಿರಿ ಜಿಲ್ಲೆಯ ಹೆಸರೇ ಇರುವುದಿಲ್ಲ. ನಾಲ್ಕು ತಾಲ್ಲೂಕಿನ ಶಿಕ್ಷಕರೆಲ್ಲ ತುಮಕೂರಿನ ಕೆಳಗೆ ಬಿದ್ದಿರುತ್ತಾರೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಜಿಲ್ಲೆ ಎಂಬ ಒಂದು ಖಾನೆಯ ಬದಲು ಕಂದಾಯ ಜಿಲ್ಲೆ, ಶೈಕ್ಷಣಿಕ ಜಿಲ್ಲೆ ಎಂದು ಎರಡು ಇಡಬೇಕು. ಎರಡನ್ನೂ ಶಿಕ್ಷಕರಿಂದ ಕೇಳಲೇಬಾರದು. ದೇಶದ ಪ್ರತಿ ಶಾಲೆಗೂ 11 ಅಂಕಿಗಳ ಯು-ಡೈಸ್ ಸಂಖ್ಯೆಯಿದೆ. ಮೊದಲೆರಡು ಅಂಕಿ ರಾಜ್ಯದ್ದು, ನಮ್ಮದು 29. ಆಮೇಲೆ ಕ್ರಮವಾಗಿ ಜಿಲ್ಲೆ, ಬ್ಲಾಕ್, ಊರು, ಶಾಲೆ. ಶಿಕ್ಷಕಿ ಆ ಸಂಖ್ಯೆಯನ್ನೊಂದು ಕೊಟ್ಟರೆ ಉಳಿದದ್ದನ್ನೆಲ್ಲ ಆ್ಯಪ್ ತಾನೇ ತುಂಬಿಕೊಳ್ಳಬೇಕು. ಊರಿನ ಹೆಸರನ್ನು ಜನರ ಕೈಲಿ ಟೈಪ್ ಮಾಡಿಸುವ ಪ್ರತಿ ಖಾನೆಯೂ ಮುಂದೆ ಯಾರೋ ಕೂತು ತಿದ್ದಬೇಕಾದ ಕೆಲಸ.

ನಮ್ಮ ಕೈಗೆ ಬರುವ ಬಹುಪಾಲು ಆ್ಯಪ್‌ಗಳ ಬಾಗಿಲಲ್ಲಿ ಲಾಗಿನ್ ಇದೆ, ಒಳಗೆ ಹೋದ ಕೂಡಲೇ ಪ್ರೊಫೈಲ್ ಇದೆ. ಕಂಪ್ಯೂಟರ್ ಓದಿದ ಹುಡುಗರು ಇದನ್ನು ಕೆಲಸವೆಂದೇ ಎಣಿಸುವುದಿಲ್ಲ. ಗೂಗಲ್ 2014ರಲ್ಲಿ ಕೊಂಡುಕೊಂಡ ಫೈರ್‌ಬೇಸ್‌ನಂಥ ಸಿದ್ಧ ಸೇವೆಗಳಿವೆ. ಫೋನ್ ನಂಬರ್ ಕೇಳುವ ಪರದೆ, ಓಟಿಪಿ ಹಾಕುವ ಪರದೆ, ಹೆಸರು-ಫೋಟೊ ಹಾಕುವ ಪರದೆ ಇವಿಷ್ಟನ್ನು ಒಂದು ಮಧ್ಯಾಹ್ನದಲ್ಲಿ ಓಡುವಂತೆ ಮಾಡಬಹುದು, ಸುಳ್ಳಲ್ಲ. ಆದರೆ ಆ ಪರದೆಗಳ ಹಿಂದೆ ಒಂದು ಊಹೆ ಕೂತಿರುತ್ತದೆ. ಒಬ್ಬ ಮನುಷ್ಯ, ಒಂದು ಫೋನ್, ಒಂದು ನಂಬರ್, ಒಂದು ಹೆಸರು, ಒಂದು ವಿಳಾಸ ಎಂಬ ಊಹೆ. ಮಧುಗಿರಿ ಸೀಮೆಯಲ್ಲಿ ಅದು ನಿಲ್ಲುವುದಿಲ್ಲ.

ನಾಲ್ಕು ತಾಲ್ಲೂಕಿನ ಶಿಕ್ಷಕರಿಗೇ ಒಂದು ಆ್ಯಪ್ ಮಾಡುತ್ತೇವೆ ಎಂದಿಟ್ಟುಕೊಳ್ಳೋಣ. ರಜೆ ಅರ್ಜಿ, ತರಬೇತಿಯ ಆದೇಶ, ಸುತ್ತೋಲೆ, ಸೇವಾ ವಿವರ ಎಲ್ಲ ಒಂದೆಡೆ ಸಿಗುವಂಥದ್ದು. ಕಲ್ಪನೆಯೇನೂ ಹೊಸತಲ್ಲ. 2020ರಲ್ಲಿ ಶಿಕ್ಷಣ ಇಲಾಖೆಯೇ ವರ್ಗಾವಣೆ ಮತ್ತು ಸೇವಾ ಸಂಬಂಧಿ ಅರ್ಜಿಗಳಿಗಾಗಿ ‘ಶಿಕ್ಷಕ ಮಿತ್ರ’ ಎಂಬ ಆ್ಯಪ್ ತಂದಿತ್ತು. ಪಠ್ಯಪುಸ್ತಕದ ಕ್ಯುಆರ್ ಕೋಡ್‌ಗಳಿಗೆ ಜೋಡಿಸಿದ ‘ದೀಕ್ಷಾ’ ಬಂದದ್ದು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯಂದೇ. ಮಕ್ಕಳ ದಾಖಲಾತಿಗೆ ಎಸ್‌ಎಟಿಎಸ್, ಸಂಬಳಕ್ಕೆ ಎಚ್‌ಆರ್‌ಎಂಎಸ್. ಒಬ್ಬ ಮುಖ್ಯ ಶಿಕ್ಷಕರು ನೆನಪಿಡಬೇಕಾದ ಪಾಸ್‌ವರ್ಡ್‌ಗಳು ಅವರ ಶಾಲೆಯ ಬೀಗದ ಕೈಗಳಿಗಿಂತ ಹೆಚ್ಚು.

ಲಾಗಿನ್ ಎನ್ನುವುದರೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ನೀವು ಯಾರು? ನಿಮಗೆ ಇಲ್ಲಿ ಏನೇನು ಮಾಡುವ ಅಧಿಕಾರವಿದೆ? ಈ ಎರಡನ್ನೂ ಗಂಭೀರವಾಗಿ ತೆಗೆದುಕೊಂಡ ಕೆಲಸವೊಂದು ಕರ್ನಾಟಕದಲ್ಲೇ ನಡೆದಿದೆ, ಸ್ಮಾರ್ಟ್‌ಫೋನ್ ಬರುವುದಕ್ಕೆ ಎಷ್ಟೋ ಮೊದಲು. ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ದಾಖಲೆಗಳನ್ನು ನಿಭಾಯಿಸಬೇಕಿತ್ತು. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರತಿ ಸಿಗುತ್ತಿತ್ತು. ಆದರೆ ಆ ದಾಖಲೆಗಳಲ್ಲಿ ಬದಲಾವಣೆ ಮಾಡುವ ಅಧಿಕಾರಿ, ಸಿಬ್ಬಂದಿ ಒಳಗೆ ಹೋಗಬೇಕಾದರೆ ಬೆರಳಚ್ಚು ಕೊಡಬೇಕಾಗಿತ್ತು. ಕಾರಣ ಸರಳ. ಪಾಸ್‌ವರ್ಡ್ ಆದರೆ ‘ನಾನಲ್ಲ ಸ್ವಾಮಿ, ನನ್ನ ಪಾಸ್‌ವರ್ಡ್ ಯಾರೋ ಹಾಕಿದ್ದಾರೆ’ ಎನ್ನಬಹುದು. ಬೆರಳಿನ ವಿಷಯದಲ್ಲಿ ಹಾಗೆ ಜಾರಿಕೊಳ್ಳಲು ಬರುವುದಿಲ್ಲ. ಯಾರು, ಯಾವ ಸರ್ವೆ ನಂಬರನ್ನು, ಯಾವಾಗ ತಿದ್ದಿದರು ಎಂಬ ಜಾಡು ಉಳಿಯಬೇಕಿತ್ತು. ಇಂದಿನ ಆ್ಯಪ್ ಮಾಡುವವರು ಸಿಲಿಕಾನ್ ಕಣಿವೆಯ ಪಾಠಗಳ ಜೊತೆಗೆ ಇದನ್ನೂ ಓದಿಕೊಂಡರೆ ಒಳ್ಳೆಯದು.

ಶಾಲೆಗಳಲ್ಲಿ ಆಗುತ್ತಿರುವುದು ಇದರ ತಿರುಗುಮುರುಗು. ಶಾಲೆಗೊಂದು ಲಾಗಿನ್. ಅದರ ಪಾಸ್‌ವರ್ಡ್ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ತಿಳಿದ ಒಬ್ಬ ಶಿಕ್ಷಕ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಊರಿನ ಸೈಬರ್ ಸೆಂಟರ್‌ನ ಹುಡುಗ ಎಲ್ಲರಿಗೂ ಅದು ಬಾಯಿಪಾಠ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಕೊನೆಯ ದಿನಾಂಕ ಹತ್ತಿರ ಬಂದಾಗ ಬೇರೆ ದಾರಿಯೇ ಇರುವುದಿಲ್ಲ, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಒಂದು ಮಗುವಿನ ಜನ್ಮದಿನಾಂಕ ತಪ್ಪಾಗಿ ಬದಲಾದರೆ ಬದಲಾಯಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗದು. ದಾಖಲೆಯಲ್ಲಿ ಇರುವುದು ಶಾಲೆಯ ಹೆಸರು ಮಾತ್ರ.

ಪಾಸ್‌ವರ್ಡ್‌ನ ಕಥೆ ಹೀಗೇ ಶುರುವಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ನೇತೃತ್ವದಲ್ಲಿ ಕಟ್ಟಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಒಂದೇ ಯಂತ್ರವನ್ನು ಅನೇಕರು ಹಂಚಿಕೊಳ್ಳಲೆಂದು ಪಾಸ್‌ವರ್ಡ್ ತಂದಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ತನಗೆ ಕೊಟ್ಟ ಯಂತ್ರದ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ತೆಗೆದುಕೊಂಡ. ಇನ್ನೊಮ್ಮೆ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸಂದೇಶದ ಬದಲು ಪಾಸ್‌ವರ್ಡ್‌ಗಳ ಪಟ್ಟಿಯೇ ಪರದೆಯ ಮೇಲೆ ಬಂತು. ಆಗ ಕಲಿತ ಪಾಠ: ಪಾಸ್‌ವರ್ಡನ್ನು ಸರ್ವರ್‌ನಲ್ಲಿ ಇದ್ದಂತೆಯೇ ಇಡಬಾರದು. ಈಗಿನ ಆ್ಯಪ್‌ಗಳು ಅದನ್ನು ಬಿಕ್ರಿಪ್ಟ್, ಆರ್ಗಾನ್2 ಮುಂತಾದ ಲೆಕ್ಕಾಚಾರಗಳಲ್ಲಿ ಬೀಸಿ, ಬಂದ ಫಲಿತವನ್ನಷ್ಟೇ ಇಟ್ಟುಕೊಳ್ಳುತ್ತವೆ. ರಾಗಿ ಬೀಸಿದರೆ ಹಿಟ್ಟು ಬರುತ್ತದೆ, ಹಿಟ್ಟಿನಿಂದ ಕಾಳು ಬಾರದು. ನೀವು ಮುಂದಿನ ಸಲ ಪಾಸ್‌ವರ್ಡ್ ಹಾಕಿದಾಗ ಅದನ್ನೂ ಅದೇ ರೀತಿ ಬೀಸಿ, ಎರಡೂ ಒಂದೇ ಆಗಿ ಬಂದರೆ ಬಾಗಿಲು ತೆರೆಯುತ್ತದೆ. ಒಂದೇ ಪಾಸ್‌ವರ್ಡ್ ಇಟ್ಟ ಇಬ್ಬರ ಫಲಿತವೂ ಒಂದೇ ಆಗದಿರಲೆಂದು ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಚೂರು ಬೆರೆಸುತ್ತಾರೆ. ಅದಕ್ಕೆ ಸಾಲ್ಟ್ ಎಂದೇ ಹೆಸರು. ‘ಪಾಸ್‌ವರ್ಡ್ ಮರೆತೆ’ ಎಂದು ಒತ್ತಿದಾಗ ಯಾವುದಾದರೂ ಆ್ಯಪ್ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಎಸ್ಸೆಮ್ಮೆಸ್ ಮಾಡಿದರೆ ಅಲ್ಲಿ ಬೀಸುವ ಕೆಲಸ ನಡೆದಿಲ್ಲ ಎಂದೇ ಅರ್ಥ. ಅಂಥ ಆ್ಯಪ್‌ಗೆ ಬ್ಯಾಂಕಿನ ವಿವರ ಕೊಡಬೇಡಿ.

ದೊಡ್ಡಕ್ಷರ ಒಂದು, ಅಂಕಿ ಒಂದು, ಚಿಹ್ನೆ ಒಂದು ಇರಲೇಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು ಎಂಬ ಕಟ್ಟಳೆಗಳ ಬಗ್ಗೆಯೂ ಒಂದು ಮಾತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಇವೆರಡನ್ನೂ ಕೈಬಿಡಲು ಸಲಹೆ ಕೊಟ್ಟಿದೆ. ಉದ್ದ ಇರಲಿ, ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇಲ್ಲದಿರಲಿ, ಸಾಕು. ನಮ್ಮ ಕಚೇರಿಗಳ ತಂತ್ರಾಂಶಗಳು ಇನ್ನೂ ಹಳೆಯ ಕಟ್ಟಳೆಯನ್ನು ಬಿಟ್ಟಿಲ್ಲ. ಹಾಗಾಗಿಯೇ ಎಲ್ಲೆಲ್ಲೂ ಊರಿನ ಹೆಸರಿನ ಮುಂದೆ ಒಂದು ಅಟ್ ಚಿಹ್ನೆ, ಅದರ ಮುಂದೆ 123.

ಪಾಸ್‌ವರ್ಡ್ ಬೇಡವೇ ಬೇಡ, ಓಟಿಪಿ ಇಡೋಣ ಎನ್ನುವುದು ಈಗಿನ ವಾಡಿಕೆ. ನೆನಪಿಡುವ ಕಷ್ಟವಿಲ್ಲ, ಇಂಗ್ಲಿಷ್ ಅಕ್ಷರಗಳ ಹಂಗಿಲ್ಲ, ಆರು ಅಂಕಿ ಒತ್ತಿದರೆ ಆಯಿತು. ಆರು ಅಂಕಿ ಎಂದರೆ 10 ಲಕ್ಷ ಸಾಧ್ಯತೆಗಳು. ಮನುಷ್ಯನಿಗೆ ದೊಡ್ಡದು, ಯಂತ್ರಕ್ಕೆ ಚಿಕ್ಕದು. ಆದ್ದರಿಂದ ಐದಾರು ತಪ್ಪು ಪ್ರಯತ್ನದ ನಂತರ ಬಾಗಿಲು ಮುಚ್ಚುವಂತೆ, ಕೆಲವೇ ನಿಮಿಷಗಳಲ್ಲಿ ಸಂಖ್ಯೆಯ ಆಯಸ್ಸು ಮುಗಿಯುವಂತೆ ಬರೆಯದಿದ್ದರೆ ಅದು ಬೀಗವೇ ಅಲ್ಲ. ಭಾರತದಲ್ಲಿ ಇನ್ನೊಂದು ಹೆಜ್ಜೆಯೂ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ಎಸ್ಸೆಮ್ಮೆಸ್ ಕಳಿಸುವ ಸಂಸ್ಥೆ ತನ್ನ ಹೆಸರನ್ನೂ ಸಂದೇಶದ ನಮೂನೆಯನ್ನೂ ದೂರಸಂಪರ್ಕ ಕಂಪನಿಗಳ ಬಳಿ ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ ನಮೂನೆಗೂ ಕಳಿಸಿದ ಸಂದೇಶಕ್ಕೂ ಹೊಂದದಿದ್ದರೆ ಓಟಿಪಿ ದಾರಿಯಲ್ಲೇ ಬಿದ್ದುಹೋಗುತ್ತದೆ. ಊರಿನಲ್ಲಿ ಕೂತವರು ಟವರ್ ಬೈಯುತ್ತಾ ಫೋನು ಎತ್ತಿಹಿಡಿದು ಅಂಗಳಕ್ಕೆ ಬರುತ್ತಾರೆ.

ಆದರೂ ಓಟಿಪಿಯ ನಿಜವಾದ ತೊಡಕು ತಾಂತ್ರಿಕವಲ್ಲ. ಅದು ದೃಢಪಡಿಸುವುದು ಸಿಮ್ ಯಾರ ಕೈಲಿದೆ ಎಂಬುದನ್ನು. ಆ ಕೈ ಯಾರದು ಎಂಬುದು ಅದಕ್ಕೆ ತಿಳಿಯದು.

ಪಿಎಂ-ಕಿಸಾನ್‌ನ ಇ-ಕೆವೈಸಿ ಕಡ್ಡಾಯವಾದಾಗ ಇದು ಊರೂರಿನಲ್ಲೂ ಬಯಲಾಯಿತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಹಣ ನಿಲ್ಲಬಾರದೆಂದರೆ ಆಧಾರ್‌ಗೆ ಜೋಡಿಸಿದ ನಂಬರಿಗೆ ಬರುವ ಓಟಿಪಿ ಕೊಡಬೇಕು. ಶೇಂಗಾ ಬೆಳೆಯುವ ಪಾವಗಡ, ಶಿರಾ ಕಡೆಯ ಹಿರಿಯ ರೈತರ ಆಧಾರ್‌ಗೆ ಎಷ್ಟೋ ಕಡೆ ಜೋಡಿಸಿರುವುದು ಬೆಂಗಳೂರಿನಲ್ಲಿ ದುಡಿಯುವ ಮಗನ ನಂಬರು. ಅಪ್ಪ ಗ್ರಾಮ ಒನ್ ಸೇವಾ ಕೇಂದ್ರದ ಕುರ್ಚಿಯಲ್ಲಿ, ಓಟಿಪಿ ಮಗನ ಜೇಬಿನಲ್ಲಿ. ಮಗನಿಗೆ ಫೋನ್ ಹಚ್ಚಿ ‘ಬಂತೇನೋ ನಂಬರು, ಓದು’ ಎನ್ನುತ್ತಾರೆ, ಅವನು ಓದುತ್ತಾನೆ, ಆಪರೇಟರ್ ಒತ್ತುತ್ತಾನೆ, ಸರ್ವರ್ ಇದನ್ನು ರೈತರ ಸ್ವಂತ ಒಪ್ಪಿಗೆ ಎಂದು ಬರೆದುಕೊಳ್ಳುತ್ತದೆ. ಅದೇ ಎಸ್ಸೆಮ್ಮೆಸ್‌ನ ಕೊನೆಯಲ್ಲಿ ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಯಾರಿಗೂ ಹೇಳಬೇಡಿ ಎಂದು ಕಲಿಸುವ ವ್ಯವಸ್ಥೆಯೇ ಹೇಳದೆ ಕೆಲಸವಾಗದಂತೆ ಕಟ್ಟಿದೆ. ಆಮೇಲೆ ಬ್ಯಾಂಕಿನವನೆಂದು ಹೇಳಿಕೊಂಡು ಯಾರೋ ಕರೆ ಮಾಡಿದಾಗ ಅವರು ಅದೇ ಅಭ್ಯಾಸದಲ್ಲಿ ಹೇಳಿಬಿಟ್ಟರೆ ಅದನ್ನು ದಡ್ಡತನ ಎನ್ನುವುದು ಅನ್ಯಾಯ.

2023ರ ಜೂನ್‌ನಲ್ಲಿ ಪಿಎಂ-ಕಿಸಾನ್ ಆ್ಯಪ್‌ಗೆ ಮುಖ ನೋಡಿ ಗುರುತಿಸುವ ಸೌಲಭ್ಯ ಬಂತು. ಓಟಿಪಿಯೂ ಬೇಡ, ಬೆರಳೂ ಬೇಡ. ಅದರಲ್ಲಿ ನನಗೆ ಹಿಡಿಸಿದ್ದು ಮುಖದ ತಂತ್ರಜ್ಞಾನವಲ್ಲ. ಒಬ್ಬ ರೈತ ತನ್ನ ಫೋನಿನಿಂದಲೇ ಅಕ್ಕಪಕ್ಕದ 100 ಮಂದಿ ರೈತರಿಗೆ ಇ-ಕೆವೈಸಿ ಮಾಡಿಕೊಡಬಹುದು ಎಂದು ಒಪ್ಪಿಕೊಂಡದ್ದು. ಹಳ್ಳಿಯಲ್ಲಿ ಫೋನು ಕೈಯಿಂದ ಕೈಗೆ ಹೋಗುತ್ತದೆ ಎಂಬ ಸತ್ಯವನ್ನು ವಿನ್ಯಾಸದೊಳಗೇ ತಂದುಕೊಂಡಿದ್ದಾರೆ.

ಶಿಕ್ಷಕರಿಗೆ ಸ್ವಂತ ಫೋನ್ ಇರುತ್ತದಲ್ಲ, ಅವರಿಗೇನು ತೊಂದರೆ ಎನ್ನಬಹುದು. ತೊಂದರೆ ನಂಬರಿನದು. ಪಾವಗಡಕ್ಕೆ ಮೂರು ಕಡೆ ಆಂಧ್ರ. ಯಾವ ಕಂಪನಿಯ ಸಿಗ್ನಲ್ ಸಿಗುತ್ತದೋ ಆ ಕಂಪನಿಯ ಸಿಮ್ಮಿಗೆ ಜನ ಜಿಗಿಯುತ್ತಾರೆ. ಹಳೆಯ ನಂಬರಿಗೆ ರೀಚಾರ್ಜ್ ಮಾಡುವುದು ನಿಲ್ಲುತ್ತದೆ, ನಂಬರು ರದ್ದಾಗುತ್ತದೆ, ಕನಿಷ್ಠ 90 ದಿನ ಕಳೆದ ಮೇಲೆ ಕಂಪನಿ ಅದನ್ನು ಬೇರೊಬ್ಬರಿಗೆ ಕೊಡಬಹುದು. ಸುಪ್ರೀಂ ಕೋರ್ಟಿನ ಮುಂದೆ 2023ರಲ್ಲಿ ಈ ವಿಷಯ ಬಂದಾಗ ಟ್ರಾಯ್ ಹೇಳಿದ್ದೂ ಇದನ್ನೇ. ಹಳೆಯ ನಂಬರಿಗೆ ಅಂಟಿದ ಖಾತೆಗಳನ್ನು ಬಿಡಿಸಿಕೊಳ್ಳುವ ಎಚ್ಚರ ಚಂದಾದಾರರದ್ದು ಎಂಬುದು ಕೋರ್ಟಿನ ನಿಲುವಾಯಿತು. ಅಲ್ಲಿಗೆ, ಫೋನ್ ನಂಬರನ್ನೇ ಗುರುತು ಮಾಡಿಕೊಂಡ ಆ್ಯಪ್‌ನಲ್ಲಿ ಕೊರಟಗೆರೆಯ ಶಿಕ್ಷಕರ ಸೇವಾ ವಿವರದೊಳಕ್ಕೆ ಮುಂದೊಂದು ದಿನ ಅಪರಿಚಿತರೊಬ್ಬರು ಸರಿಯಾದ ಓಟಿಪಿಯೊಂದಿಗೇ ಹೋಗಬಹುದು. ಕಳ್ಳತನ ಮಾಡದೆಯೇ.

ನನ್ನ ತಕರಾರು ಇಷ್ಟೇ: ಫೋನ್ ನಂಬರು ಮನುಷ್ಯನನ್ನು ತಲುಪುವ ದಾರಿ, ಅದನ್ನೇ ಮನುಷ್ಯನೆಂದು ಬರೆದುಕೊಳ್ಳಬಾರದು. ದತ್ತಾಂಶದೊಳಗೆ ಪ್ರತಿಯೊಬ್ಬರಿಗೂ ಎಂದಿಗೂ ಬದಲಾಗದ, ಅರ್ಥವಿಲ್ಲದ ಒಂದು ಆಂತರಿಕ ಸಂಖ್ಯೆ ಇರಬೇಕು. ಫೋನು, ಇಮೇಲ್, ಸರ್ಕಾರಿ ನೌಕರರ ಕೆಜಿಐಡಿ ವಿಮಾ ಸಂಖ್ಯೆ ಎಲ್ಲವೂ ಆ ಸಂಖ್ಯೆಗೆ ಜೋಡಿಸಿದ, ಬದಲಾಯಿಸಬಹುದಾದ ವಿವರಗಳಾಗಬೇಕು.

ಕೆಜಿಐಡಿ ಸಂಖ್ಯೆಯನ್ನೇ ಗುರುತು ಮಾಡಿದರಾಗದೇ? ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಹುಟ್ಟಿದ ಸರ್ಕಾರಿ ವಿಮಾ ಇಲಾಖೆಯ ಈ ಸಂಖ್ಯೆ ನೌಕರರ ಜೊತೆ ಸೇವೆಯುದ್ದಕ್ಕೂ ಬರುತ್ತದೆ, ಊರು ಬದಲಾದರೂ ಬದಲಾಗದು. ಕಾಯಂ ಶಿಕ್ಷಕರ ಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಅತಿಥಿ ಶಿಕ್ಷಕರಿಗೆ ಕೆಜಿಐಡಿ ಇಲ್ಲ, ಮತ್ತು ಈ ಭಾಗದ ಎಷ್ಟೋ ಶಾಲೆಗಳಲ್ಲಿ ಪಾಠ ನಡೆಯುತ್ತಿರುವುದೇ ಅವರಿಂದ. ಕೆಜಿಐಡಿ ಕಡ್ಡಾಯ ಎಂಬ ಕೆಂಪು ನಕ್ಷತ್ರ ಹಾಕಿದ ದಿನವೇ ಅವರು ಆ್ಯಪ್‌ನಿಂದ ಹೊರಗೆ. ಇನ್ನೊಂದು: ಅದು ಗುಟ್ಟೂ ಅಲ್ಲ. ವರ್ಗಾವಣೆ ಪಟ್ಟಿ, ಜ್ಯೇಷ್ಠತಾ ಪಟ್ಟಿಗಳು ಪಿಡಿಎಫ್ ಆಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕೆಜಿಐಡಿ ಯೂಸರ್‌ನೇಮ್, ಜನ್ಮದಿನಾಂಕ ಪಾಸ್‌ವರ್ಡ್ ಎಂದಿಟ್ಟರೆ ಜಿಲ್ಲೆಯ ಯಾರ ಖಾತೆಯನ್ನು ಯಾರು ಬೇಕಾದರೂ ತೆರೆಯಬಹುದು.

ಹಾಗಾದರೆ ಫೋನ್ ಕಳೆದುಕೊಂಡ, ನಂಬರು ಬದಲಾದ, ಪಾಸ್‌ವರ್ಡ್ ಮರೆತ ಶಿಕ್ಷಕಿ ಮತ್ತೆ ಒಳಗೆ ಬರುವುದು ಹೇಗೆ? ಯಾವುದೇ ಲಾಗಿನ್ ವ್ಯವಸ್ಥೆಯ ಯೋಗ್ಯತೆ ಗೊತ್ತಾಗುವುದು ಇಲ್ಲಿ. ಹೆಚ್ಚಿನ ತಂಡಗಳು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತವೆ, ಸಮಯ ಮುಗಿದಾಗ ಕೆಳಗೊಂದು ಸಹಾಯವಾಣಿ ನಂಬರು ಹಾಕಿ ಕೈತೊಳೆದುಕೊಳ್ಳುತ್ತವೆ. ನಾನಾದರೆ ಈ ಪುಟವನ್ನೇ ಮೊದಲು ಬರೆಯಿಸುತ್ತೇನೆ. ಮಧುಗಿರಿಯಂಥ ಜಿಲ್ಲೆಗೆ ಒಂದು ಅನುಕೂಲವೂ ಇದೆ. ಇಲ್ಲಿ ಜನಕ್ಕೆ ಜನ ಗೊತ್ತು. ಕ್ಲಸ್ಟರಿನ ಸಿಆರ್‌ಪಿಗೆ ತನ್ನ ವ್ಯಾಪ್ತಿಯ ಪ್ರತಿ ಶಿಕ್ಷಕರ ಮುಖ ಪರಿಚಯವಿರುತ್ತದೆ. ಶಿಕ್ಷಕಿ ಹೊಸ ನಂಬರಿನಿಂದ ಕೋರಿಕೆ ಹಾಕಲಿ. ಮುಖ್ಯ ಶಿಕ್ಷಕರೂ ಸಿಆರ್‌ಪಿಯೂ ತಂತಮ್ಮ ಲಾಗಿನ್‌ನಿಂದ ಇವರು ಅವರೇ ಎಂದು ಅನುಮೋದಿಸಲಿ. ಹಳೆಯ ನಂಬರಿಗೂ ಒಂದು ಎಚ್ಚರಿಕೆ ಹೋಗಲಿ. ಒಂದು ದಿನ ಕಾದು ಖಾತೆ ತೆರೆಯಲಿ. ಇಬ್ಬರು ಯಾಕೆ ಎಂದರೆ ಒಬ್ಬರ ಕೈಗೆ ಮಾತ್ರ ಆ ಅಧಿಕಾರ ಕೊಟ್ಟರೆ ಅದಕ್ಕೆ ಬೆಲೆ ಹುಟ್ಟಿಕೊಳ್ಳುತ್ತದೆ. ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಾಸ್‌ಕೀ ಎಂಬ ಹೊಸ ದಾರಿಯೂ ಬಂದಿದೆ. ಆ್ಯಪಲ್, ಗೂಗಲ್, ಮೈಕ್ರೊಸಾಫ್ಟ್ ಮೂವರೂ 2022ರಲ್ಲಿ ಒಟ್ಟಾಗಿ ಬೆಂಬಲಿಸಿದ ಇದರಲ್ಲಿ ಪಾಸ್‌ವರ್ಡೇ ಇಲ್ಲ. ಫೋನಿನೊಳಗಿನ ಗುಪ್ತ ಕೀಲಿಯೊಂದು ಸರ್ವರಿಗೆ ಸಹಿ ಮಾಡಿಕೊಡುತ್ತದೆ, ಬೆರಳಚ್ಚು ಫೋನಿನಿಂದ ಆಚೆ ಹೋಗುವುದಿಲ್ಲ. ಒಳ್ಳೆಯದೇ. ಗಂಡ, ಹೆಂಡತಿ, ಮಗ ಮೂವರ ಬೆರಳೂ ಒಂದೇ ಫೋನಿನಲ್ಲಿ ದಾಖಲಾಗಿರುವ ಮನೆಯಲ್ಲಿ ಅದಕ್ಕೂ ಅದರದೇ ಮಿತಿ.

ಇನ್ನು ಪ್ರೊಫೈಲ್. ಮೊದಲ ಖಾನೆ ಹೆಸರಿನದು, ಮೊದಲ ಎಡವಟ್ಟೂ ಅಲ್ಲೇ. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಪೆಟ್ಟಿಗೆ. ಹಳೆ ಮೈಸೂರು ಸೀಮೆಯಲ್ಲಿ ಕೊನೆಯ ಹೆಸರೆಂಬುದೇ ಬಹುಮಂದಿಗೆ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಕಡ್ಡಾಯ ಪೆಟ್ಟಿಗೆ ತುಂಬಲೇಬೇಕಲ್ಲ ಎಂದು ಜನ ಚುಕ್ಕಿ ಹಾಕುತ್ತಾರೆ, ಅಥವಾ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಅಂಥ ಒಂದು ಚುಕ್ಕಿಯನ್ನು ಕಳೆದುಕೊಳ್ಳಲು ನೋಟರಿ ಬಳಿ ಅಫಿಡವಿಟ್ ಮಾಡಿಸಿದವರಿದ್ದಾರೆ. ಪೂರ್ಣ ಹೆಸರಿಗೆ ಒಂದೇ ಪೆಟ್ಟಿಗೆ ಇಟ್ಟು, ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಕೇಳಿದರೆ ಮುಗಿಯಿತು.

ಕನ್ನಡದಲ್ಲಿ ಕೇಳಿದರೆ ಕಣ್ಣಿಗೆ ಕಾಣದ ಇನ್ನೊಂದು ತಕರಾರಿದೆ. ‘ಲೋಕೇಶ’ ಎಂಬ ಹೆಸರಿನ ‘ಲೋ’ ನೋಡಿ. ಯುನಿಕೋಡ್‌ನಲ್ಲಿ ಓಕಾರಕ್ಕೆ ಒಂದೇ ಸಂಕೇತವಿದೆ. ಅದನ್ನೇ ಒಕಾರ ಮತ್ತು ದೀರ್ಘ ಎಂದು ಎರಡು ಸಂಕೇತಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಬ್ಬರು ‘ನುಡಿ’ ತಂತ್ರಾಂಶದಿಂದ ಪರಿವರ್ತಿಸಿದ ಪಟ್ಟಿ ಏರಿಸಿ, ಇನ್ನೊಬ್ಬರು ಫೋನಿನ ಕೀಲಿಮಣೆಯಲ್ಲಿ ಹುಡುಕಿದರೆ, ಪಟ್ಟಿಯಲ್ಲಿ ಕಣ್ಣೆದುರೇ ಇರುವ ಲೋಕೇಶ ‘ಸಿಗಲಿಲ್ಲ’ ಎಂದು ಬರಬಹುದು. ‘ಲೋಕೇಶ್’ ಎಂದು ಅರ್ಧಾಕ್ಷರದಲ್ಲಿ ಮುಗಿಸಿದರೆ ಅದರ ಬಾಲಕ್ಕೆ ಕೆಲವು ಕೀಲಿಮಣೆಗಳು ಕಾಣದ ಇನ್ನೊಂದು ಸಂಕೇತ ಅಂಟಿಸಿರುತ್ತವೆ. ಉಳಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವ, ಬಾಲ ಕತ್ತರಿಸುವ ಒಂದೆರಡು ಸಾಲಿನ ಕೋಡ್ ಇದಕ್ಕೆ ಪರಿಹಾರ. ಆ ಸಾಲುಗಳನ್ನು ಬರೆಯಬೇಕೆಂದು ಹೊಳೆಯಲು ಮಾತ್ರ ತಂಡದಲ್ಲಿ ಕನ್ನಡದಲ್ಲಿ ಟೈಪ್ ಮಾಡುವವರೊಬ್ಬರು ಇರಬೇಕು.

ಪ್ರೊಫೈಲ್ ನಿರ್ವಹಣೆ ಎಂದರೆ ತಿದ್ದುವ ಗುಂಡಿ ಇಡುವುದು ಎಂದುಕೊಳ್ಳುತ್ತಾರೆ. ಯಾವ ಖಾನೆಯನ್ನು ಯಾರು ತಿದ್ದಬಹುದು ಎಂದು ನಿರ್ಧರಿಸುವುದು ಅದಕ್ಕಿಂತ ದೊಡ್ಡ ಕೆಲಸ. ಫೋಟೊ, ಫೋನ್ ನಂಬರು, ಮನೆ ವಿಳಾಸ ಶಿಕ್ಷಕರದ್ದು. ಬೇಕಾದಾಗ ಬದಲಿಸಲಿ, ಯಾರ ಅಪ್ಪಣೆಯೂ ಬೇಡ. ಜನ್ಮದಿನಾಂಕ, ಸೇವೆಗೆ ಸೇರಿದ ದಿನಾಂಕ ಸೇವಾ ಪುಸ್ತಕದ್ದು. ಅವರು ಕೋರಿಕೆ ಹಾಕಬಹುದು, ತಿದ್ದುವುದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ. ಮತ್ತು ಹಳೆಯದನ್ನು ಅಳಿಸಿ ಹೊಸದು ಬರೆಯುವ ಕೆಲಸ ಎಂದೂ ನಡೆಯಬಾರದು. ಹಿಂದೆ ಏನಿತ್ತು, ಯಾರು, ಯಾವಾಗ ಬದಲಿಸಿದರು ಎಂಬ ಸಾಲು ಸಾಲು ಉಳಿಯಬೇಕು.

ಹುದ್ದೆಯದ್ದು ಇನ್ನೂ ಮಜಾ. ಆ್ಯಪ್ ಬರೆಯುವವರು ಒಬ್ಬರಿಗೆ ಒಂದು ಪಾತ್ರ ಎಂದು ಹಂಚುತ್ತಾರೆ: ಶಿಕ್ಷಕ, ಮುಖ್ಯ ಶಿಕ್ಷಕ, ಸಿಆರ್‌ಪಿ, ಬಿಇಒ. ನೆಲದ ಮೇಲೆ ಸಹ ಶಿಕ್ಷಕರೇ ಪ್ರಭಾರ ಮುಖ್ಯ ಶಿಕ್ಷಕರು. ಒಬ್ಬರ ಸಂಬಳ ಶಿರಾ ತಾಲ್ಲೂಕಿನ ಶಾಲೆಯಲ್ಲಿ, ನಿಯೋಜನೆ ಮೇಲೆ ಪಾಠ ಮಾಡುವುದು ಇನ್ನೊಂದು ಶಾಲೆಯಲ್ಲಿ. ರಜೆ ಮಂಜೂರು ಮಾಡುವವರು ಯಾರು? ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ ರಜೆ ಅರ್ಜಿ ಹಾಕಿದರೆ, ಮುಖ್ಯ ಶಿಕ್ಷಕಿಯೂ ಅವರೇ ಆದ್ದರಿಂದ, ಅರ್ಜಿ ಅವರ ಫೋನಿಗೇ ಅನುಮೋದನೆಗೆ ಬರುತ್ತದೆ. ನಗು ಬರಬಹುದು. ಪಾತ್ರಗಳಿಗೆ ಆರಂಭದ ದಿನಾಂಕ, ಮುಗಿಯುವ ದಿನಾಂಕ, ಯಾವ ಶಾಲೆಗೆ ಎಂಬ ಮೂರು ವಿವರ ಸೇರಿಸಿ, ತನ್ನ ಅರ್ಜಿಯನ್ನು ತಾನೇ ಮಂಜೂರು ಮಾಡುವಂತಿಲ್ಲ ಎಂಬ ಒಂದು ನಿಯಮ ಬರೆದರೆ ಅದು ನೇರ ಮೇಲಿನ ಕಚೇರಿಗೆ ಹೋಗುತ್ತದೆ.

ನೆಟ್‌ವರ್ಕ್ ವಿಷಯ ಬೇಗ ಮುಗಿಸುತ್ತೇನೆ. ಲಾಗಿನ್ ಆದ ಮೇಲೆ ಸರ್ವರ್ ಫೋನಿಗೆ ಟೋಕನ್ ಎಂಬ ಚೀಟಿ ಕೊಡುತ್ತದೆ. ಪ್ರತಿ ಸಲ ಪಾಸ್‌ವರ್ಡ್ ಕೇಳದೆ ಆ ಚೀಟಿ ನೋಡಿ ಒಳಗೆ ಬಿಡುತ್ತದೆ. ಕೆಲವೇ ನಿಮಿಷ ಬಾಳುವ ಒಂದು ಚೀಟಿ, ಅದನ್ನು ಹೊಸದಾಗಿಸಿಕೊಳ್ಳಲು ವಾರಗಟ್ಟಲೆ ಬಾಳುವ ಇನ್ನೊಂದು. ಬೆಟ್ಟದ ಮರೆಯ ಊರಿನಲ್ಲಿ ಅರ್ಧ ತಾಸು ಕೂತು ಫಾರಂ ತುಂಬಿ ‘ಸಲ್ಲಿಸಿ’ ಒತ್ತಿದಾಗ ಚೀಟಿಯ ಆಯಸ್ಸು ಮುಗಿದಿದ್ದರೆ, ಒಳ್ಳೆಯ ಆ್ಯಪ್ ತುಂಬಿದ್ದನ್ನು ಫೋನಿನಲ್ಲೇ ಜೋಪಾನ ಮಾಡಿ, ಸಿಗ್ನಲ್ ಬಂದಾಗ ತಾನೇ ಕಳಿಸುತ್ತದೆ. ಕೆಟ್ಟದ್ದು ಮತ್ತೆ ಲಾಗಿನ್ ಪುಟಕ್ಕೆ ತಂದು ನಿಲ್ಲಿಸುತ್ತದೆ. ಫೋನ್ ಕಳೆದಾಗ ಬೇರೆ ಫೋನಿನಿಂದ ಆ ದೀರ್ಘ ಚೀಟಿಯನ್ನು ರದ್ದು ಮಾಡುವ ಗುಂಡಿಯೂ ಇರಬೇಕು. ಎಲ್ಲ ಸಾಧನಗಳಿಂದ ಹೊರಗೆ ಬನ್ನಿ ಎನ್ನುವ ಆ ಗುಂಡಿಯನ್ನು ಯಾರೂ ಹುಡುಕಲಾರದ ಜಾಗದಲ್ಲಿ ಇಡುವುದು ಈಗಿನ ಫ್ಯಾಷನ್.

ಎಷ್ಟು ಕೇಳಬೇಕು ಎಂಬುದು ಬೇರೆಯೇ ಮಾತು. ಸುತ್ತೋಲೆ ಓದಲು ಆಧಾರ್ ಸಂಖ್ಯೆ ಏಕೆ? ಜಾತಿ ಏಕೆ? ಇರಲಿ ಎಂದು ಕೇಳಿಟ್ಟುಕೊಂಡದ್ದು ಸೋರಿದ ದಿನ ಯಾರೂ ಹೊಣೆ ಹೊರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಕೇಳುತ್ತಿದ್ದೀರಿ ಎಂದು ಮೊದಲೇ ತಿಳಿಸಲು ಹೇಳುತ್ತದೆ, ತಿದ್ದಿಸಿಕೊಳ್ಳುವ ಮತ್ತು ಅಳಿಸಿಸುವ ಹಕ್ಕು ಕೊಡುತ್ತದೆ, 18ರೊಳಗಿನವರನ್ನೆಲ್ಲ ಮಕ್ಕಳೆಂದು ಎಣಿಸಿ ಹೆತ್ತವರ ಒಪ್ಪಿಗೆ ಕೇಳುತ್ತದೆ. ಸದ್ಯದ ರೂಢಿ ಬೇರೆ. ಶಾಲೆಯ ಎಲ್ಲ ಮಕ್ಕಳ ಹೆಸರು, ಬ್ಯಾಂಕ್ ಖಾತೆ, ಆಧಾರ್ ತುಂಬಿದ ಎಕ್ಸೆಲ್ ಹಾಳೆ ‘ತುರ್ತು, ಸಂಜೆ 4 ಗಂಟೆಯೊಳಗೆ’ ಎಂಬ ಒಕ್ಕಣೆಯೊಂದಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ. ಸರಿಯಾಗಿ ಕಟ್ಟಿದ ಲಾಗಿನ್ ಬೇಕಿರುವುದು ಮುಖ್ಯವಾಗಿ ಈ ಹಾಳೆಯನ್ನು ನಿಲ್ಲಿಸಲು.

ಖಾತೆ ತೆರೆಯುವುದರ ಬಗ್ಗೆ ಇಷ್ಟು ಯೋಚಿಸುವವರು ಅದನ್ನು ಮುಚ್ಚುವುದರ ಬಗ್ಗೆ ಯೋಚಿಸುವುದಿಲ್ಲ. ಜಮೀನಿನ ದಾಖಲೆಗಳಲ್ಲಿ ಇದರ ಫಲ ಆಗಲೇ ಕಂಡಿದ್ದೇವೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಾಗ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಬಾಡಿಗೆ ಹೋಗುವುದು ದಾಖಲೆಯಲ್ಲಿ ಹೆಸರಿರುವವರಿಗೆ. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗುವವರೆಗೆ ಮೊಮ್ಮಕ್ಕಳು ಅಲೆಯಬೇಕು. ತೀರಿಕೊಂಡವರು ದಾಖಲೆಯಲ್ಲಿ ಬದುಕಿರುವುದು ನಮ್ಮ ಸೀಮೆಗೆ ಹೊಸತೇನಲ್ಲ. ಈಗ ಅದೇ ಸಂಗತಿ ಆ್ಯಪ್‌ಗಳಲ್ಲೂ ಮೊದಲಾಗಿದೆ: ನಿವೃತ್ತರಾದವರು, ತೀರಿಕೊಂಡವರು, ಕೆಲಸ ಬಿಟ್ಟ ಅತಿಥಿ ಶಿಕ್ಷಕರು ಎಲ್ಲರ ಖಾತೆಗಳೂ ಜೀವಂತ.

ಆ್ಯಪಲ್ 2022ರ ಜೂನ್ 30ರಿಂದ, ಆಮೇಲೆ ಗೂಗಲ್ ಕೂಡ, ಖಾತೆ ತೆರೆಯಲು ಬಿಡುವ ಆ್ಯಪ್ ಅದನ್ನು ಅಳಿಸಲೂ ದಾರಿ ಕೊಡಬೇಕೆಂದು ಕಡ್ಡಾಯ ಮಾಡಿದವು. ಗೂಗಲ್‌ನ ನಿಯಮದಂತೆ ಆ್ಯಪನ್ನು ಫೋನಿನಿಂದ ತೆಗೆದುಹಾಕಿದವರಿಗೂ ಜಾಲತಾಣದ ಮೂಲಕ ಆ ಅವಕಾಶ ಇರಬೇಕು. ಶಿಕ್ಷಕರ ಆ್ಯಪ್‌ನಲ್ಲಿ ಎಲ್ಲವನ್ನೂ ಅಳಿಸಲಾಗದು ನಿಜ. ಸೇವಾ ವಿವರ ಪಿಂಚಣಿಗೆ ಬೇಕು, ಅನುಮೋದಿಸಿದ ಅರ್ಜಿಗಳು ಲೆಕ್ಕ ತಪಾಸಣೆಗೆ ಬೇಕು. ಆದರೆ ಫೋಟೊ, ಮನೆ ವಿಳಾಸ, ಕುಟುಂಬದ ವಿವರ ಇಟ್ಟುಕೊಳ್ಳಲು ಕಾರಣವಿಲ್ಲ, ಫೋನ್ ನಂಬರನ್ನಂತೂ ನಿವೃತ್ತಿಯ ಆದೇಶ ಹೊರಟ ವಾರದೊಳಗೆ ಖಾತೆಯಿಂದ ಬಿಡಿಸಬೇಕು. ಆ ನಂಬರಿಗೆ ಇನ್ನು ಯಾವ ಓಟಿಪಿಯೂ ಹೋಗಬಾರದು.